ಫೈರ್‌ವಾಲ್ ಎಚ್ಚರಿಸಿದಾಗ ಏನು ನೋಡಬೇಕು

ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿರುವಾಗ ಮೂಲೆಯಲ್ಲೊಂದು ಚೌಕ ಎದ್ದು, ಇಂಥ ವಿಳಾಸದಿಂದ ಬಂದ ಸಂಪರ್ಕವನ್ನು ತಡೆದೆ ಅಂತ ಫೈರ್‌ವಾಲ್, ಅಂದರೆ ನೆಟ್‌ನಿಂದ ಬರುವ ಹೋಗುವ ಸಂಪರ್ಕಗಳನ್ನು ಕಾಯುವ ಪ್ರೋಗ್ರಾಂ, ಹೇಳುತ್ತದೆ. ಎದೆ ಧಸಕ್ ಅನ್ನುತ್ತದೆ, ಅಲ್ವಾ? ಯಾರೋ ನನ್ನನ್ನೇ ಹುಡುಕಿಕೊಂಡು ಬಂದರು ಅಂತ. ಹಾಗೇನಿಲ್ಲ.

ಹೊರಗಿನಿಂದ ಬಾಗಿಲು ತಟ್ಟುವುದು ಬಹುಪಾಲು ಯಂತ್ರಗಳು. ನೆಟ್‌ನಲ್ಲಿ ಸಾಧನಗಳನ್ನು ಗುರುತಿಸುವ ಅಂಕಿಗಳ ವಿಳಾಸಗಳು, ಅಂದರೆ ಐಪಿವಿ4 ವಿಳಾಸಗಳು, ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನುವ ಸಾಧನ ಮಾಡಿದರು. ಲೈನ್ ವೇಗವಾಗಿದ್ದರೆ ಒಂದೇ ಕಂಪ್ಯೂಟರಿನಿಂದ, ಮುಕ್ಕಾಲು ಗಂಟೆಯಲ್ಲಿ, ಹೊರಗೆ ಕಾಣುವ ಎಲ್ಲ ವಿಳಾಸಗಳಲ್ಲೂ ಒಂದು ಪೋರ್ಟ್ (ಸಂಪರ್ಕ ಒಳಬರುವ, ನಂಬರ್ ಹಾಕಿದ ಬಾಗಿಲು) ತೆರೆದಿದೆಯಾ ಅಂತ ನೋಡಬಹುದಾಯಿತು. ಕಳ್ಳರಿಗೂ ಇಂಥ ಸಾಧನಗಳು ಸಿಗುತ್ತವೆ. ಹಾಗಾಗಿ ನಿಮ್ಮ ವಿಳಾಸವನ್ನೂ ಯಾರೋ ತಟ್ಟುತ್ತಲೇ ಇರುತ್ತಾರೆ, ಹೆಚ್ಚಿನವನ್ನು ರೂಟರೇ ಹೊರಗೆ ನಿಲ್ಲಿಸುತ್ತದೆ. ವಿಳಾಸ 192.168 ಅಂತ ಶುರುವಾದರೆ ಅದು ಸಾಮಾನ್ಯವಾಗಿ ನಿಮ್ಮ ಮನೆಯದೇ ಪ್ರಿಂಟರೋ ಟಿವಿಯೋ ಇರುತ್ತದೆ. ಪೋರ್ಟ್ 1900 ಅಥವಾ 5353 ಕಂಡರೆ ಆ ಸಾಧನಗಳು ಒಂದನ್ನೊಂದು ಹುಡುಕುತ್ತಿರುತ್ತವೆ, ಅಷ್ಟೇ.

ಆದರೆ ಸುಮ್ನೆ ಕಿರಿಕಿರಿ ಅಂತ ಫೈರ್‌ವಾಲನ್ನೇ ಆಫ್ ಮಾಡಬೇಡಿ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅನ್ನುವ ಹುಳು (ತಾನಾಗಿ ಹರಡುವ ಕೇಡಿನ ಪ್ರೋಗ್ರಾಂ) ವಿಂಡೋಸ್ ಕಂಪ್ಯೂಟರುಗಳಿಗೆ ಪೋರ್ಟ್ 135ರ ಮೂಲಕ ನುಗ್ಗಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ನೆಟ್‌ಗೆ ಸೇರಿದ್ದರೆ ಸಾಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಅದನ್ನು ನಾವೇ ಹುಡುಕಿ ಆನ್ ಮಾಡಬೇಕಿತ್ತು. ಮರುವರ್ಷ ಅದರ ದೊಡ್ಡ ಅಪ್‌ಡೇಟ್ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ತಾನಾಗಿ ಆನ್ ಆಯಿತು. 2017ರ ವಾನಾಕ್ರೈ ಹುಳು ಕೂಡ ಹೀಗೇ ಪೋರ್ಟ್ 445ರಿಂದ ಹರಡಿತು.

ನಿಜವಾಗಿ ನಿಂತು ಓದಬೇಕಾದ್ದು ಬೇರೆ ಚೌಕ, ‘ಈ ಪ್ರೋಗ್ರಾಂಗೆ ಅನುಮತಿ ಕೊಡಲಾ?’ ಅಂತ ಕೇಳುವುದು. ಅದರಲ್ಲಿ ಪ್ರೋಗ್ರಾಂ ಹೆಸರಿರುತ್ತದೆ, ಅದು ಎಲ್ಲಿಂದ ಓಡುತ್ತಿದೆ ಅನ್ನುವ ಜಾಗ ಇರುತ್ತದೆ. ನೀವೇ ಈಗ ತೆರೆದ ವಿಡಿಯೋ ಕರೆಯೋ ಆಟವೋ ಆದರೆ ಸರಿ, ‘ಪ್ರೈವೇಟ್’ಗೆ (ಮನೆಯಂಥ ನಂಬಿದ ನೆಟ್) ಮಾತ್ರ ಗುರುತು ಹಾಕಿ, ‘ಪಬ್ಲಿಕ್’ (ಎಲ್ಲರೂ ಬಳಸುವ ನೆಟ್) ಖಾಲಿ ಬಿಡಿ. ಬಸ್ ನಿಲ್ದಾಣದ ವೈಫೈಯಲ್ಲಿ ಕೂತಾಗ ಅದು ನಿಮ್ಮನ್ನು ಕಾಯುತ್ತದೆ. ಹೆಸರೇ ಗೊತ್ತಿಲ್ಲದಿದ್ದರೆ ಕ್ಯಾನ್ಸಲ್ ಒತ್ತಿ. ನೆಟ್ ನಿಂತುಹೋಗುತ್ತೆ ಅನ್ನುವ ಭಯ ಬೇಡ, ಏಕೆಂದರೆ ನಾವೇನೂ ಬದಲಿಸದಿದ್ದರೆ ವಿಂಡೋಸ್ ಒಳಬರುವುದನ್ನು ತಡೆಯುತ್ತದೆ, ಹೊರಹೋಗುವುದನ್ನು ಬಿಡುತ್ತದೆ. ಬೇರೆ ಫೈರ್‌ವಾಲ್ ಹಾಕಿಕೊಂಡಿದ್ದು, ಪರಿಚಯವಿಲ್ಲದ ಪ್ರೋಗ್ರಾಂ ಪದೇ ಪದೇ ಹೊರಗೆ ಹೋಗಲು ನೋಡುತ್ತಿದೆ ಅಂತ ಅದು ಹೇಳಿದರೆ ಮಾತ್ರ ಆ ದಿನವೇ ಆಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿ. ಅದು ಹೊರಗಿನ ತಟ್ಟುವಿಕೆಯಲ್ಲ, ಒಳಗೇ ಏನೋ ಕೂತಿರಬಹುದು.

ಇನ್ನೊಂದು ವಿಷಯ, ನನಗೆ ತುಂಬಾ ಚಿಂತೆ ಕೊಡುವಂಥದ್ದು. ಬ್ರೌಸರ್ ತುಂಬ ಕೆಂಪು ಪುಟ, ಜೋರು ಸದ್ದು, ‘ಫೈರ್‌ವಾಲ್ ವೈರಸ್ ಹಿಡಿದಿದೆ, ಈ ನಂಬರಿಗೆ ಕರೆ ಮಾಡಿ’ ಅನ್ನುವ ಎಚ್ಚರಿಕೆ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಮನೆಯ ಹಿರಿಯರಿಗೆ ಇದೊಂದನ್ನು ಇವತ್ತೇ ಹೇಳಿ. ಕರೆ ಮಾಡಬೇಡಿ, ಅವರು ಹೇಳಿದ ಆ್ಯಪ್ ಹಾಕಬೇಡಿ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಈಗಾಗಲೇ ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಫೋನ್ ಮಾಡಿ. ತಡ ಮಾಡಿದಷ್ಟೂ ಆ ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುತ್ತದೆ.