ಕಂಠ ಬದಲಾದಾಗ ಹಾಡಿಗೇನಾಗುತ್ತದೆ? ರಾಕ್ ಗೀತರಚನಕಾರರ ಟ್ರಿಬ್ಯೂಟ್ ಆಲ್ಬಂಗಳು

ನಮಸ್ಕಾರ. ರಾಕ್ ಸಂಗೀತದಲ್ಲಿ ಹಾಡು ಬರೆದವರೇ ಅದನ್ನು ಹಾಡುವುದು ವಾಡಿಕೆ. ಹೀಗಾಗಿ ನಮ್ಮನ್ನು ಸೆಳೆದದ್ದು ಹಾಡೋ, ಹಾಡಿದವರ ಕಂಠವೋ ಎಂದು ಬಿಡಿಸಿ ಹೇಳುವುದು ಕಷ್ಟ. ಒಬ್ಬರೇ ಬರೆದ ಹಾಡುಗಳನ್ನು ಹತ್ತಾರು ಕಲಾವಿದರು ತಲಾ ಒಂದರಂತೆ ಹಾಡಿಕೊಡುವ ಟ್ರಿಬ್ಯೂಟ್ ಆಲ್ಬಂ ಈ ಗಂಟನ್ನು ಬಿಚ್ಚುತ್ತದೆ. ಮೇಲ್ನೋಟಕ್ಕೆ ಅದು ಗೌರವಾರ್ಪಣೆ. ಆದರೆ ಹಾಡಿನ ನಿಜವಾದ ಕಸುವು ಬಯಲಾಗುವುದೂ ಅಲ್ಲಿಯೇ, ಬರೆದವರ ಕೈಗೆ ನಾಲ್ಕು ಕಾಸು ಸೇರುವುದೂ ಅಲ್ಲಿಂದಲೇ.

ಬೇರೆ ಬೇರೆ ಜಾಯಮಾನದ ಸಂಗೀತಗಾರರನ್ನು ಒಬ್ಬನೇ ಸಂಯೋಜಕನ ಸುತ್ತ ಕೂಡಿಸುವ ಈ ಕ್ರಮಕ್ಕೆ ಒಂದು ರೂಪ ಕೊಟ್ಟವರಲ್ಲಿ ಅಮೆರಿಕದ ನಿರ್ಮಾಪಕ ಹಾಲ್ ವಿಲ್ನರ್ ಪ್ರಮುಖರು. 1981ರಲ್ಲಿ ನಿನೊ ರೋಟಾ, 1984ರಲ್ಲಿ ಥೆಲೋನಿಯಸ್ ಮಂಕ್, 1985ರಲ್ಲಿ ಕುರ್ಟ್ ವೈಲ್ ಅವರ ಕೃತಿಗಳನ್ನು ಅವರು ಹೀಗೆ ಹೊರತಂದರು. ಇವರಾರೂ ರಾಕ್‌ನವರಲ್ಲ. ರಾಕ್‌ನೊಳಗೆ 1989ರಲ್ಲಿ ನೀಲ್ ಯಂಗ್ ಅವರಿಗಾಗಿ ಬಂದ ‘ದಿ ಬ್ರಿಜ್’ ಆಲ್ಬಂನಲ್ಲಿ ಸೋನಿಕ್ ಯೂತ್, ಪಿಕ್ಸೀಸ್‌ನಂತಹ ಹೊಸ ತಲೆಮಾರಿನ ತಂಡಗಳು ಹಾಡಿದವು.

[ಪರದೆಯ ಮೇಲೆ: 1984, 1991, 1994 ಎಂಬ ಮೂರು ವರ್ಷಗಳು, ಒಂದರ ಕೆಳಗೊಂದು]

ಇಂತಹ ಒಂದು ಆಲ್ಬಂ ಹಾಡಿನ ಹಣೆಬರಹವನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಕೆನಡಾದ ಗೀತರಚನಕಾರ, ಗಾಯಕ ಲಿಯೊನಾರ್ಡ್ ಕೋಹೆನ್ ಅವರ ‘ಹಲ್ಲೆಲೂಯಾ’ ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಅದು ಇದ್ದ 1984ರ ಆಲ್ಬಂ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಕೊಲಂಬಿಯಾ ಕಂಪನಿ ಒಪ್ಪಲಿಲ್ಲ. ಬೇರೊಂದು ಸಣ್ಣ ಕಂಪನಿ ಅದನ್ನು ಹೊರತಂದಾಗ ಗಮನಿಸಿದವರೂ ಕಡಿಮೆ. 1991ರಲ್ಲಿ ‘ಲೆ ಜಾನ್ರೊಕ್ಯುಪ್ತೀಬ್ಲ್’ ಎಂಬ ಫ್ರೆಂಚ್ ಪತ್ರಿಕೆ ಕೋಹೆನ್ ಅವರ ಹಾಡುಗಳ ಟ್ರಿಬ್ಯೂಟ್ ಆಲ್ಬಂ ರೂಪಿಸಿದಾಗ, ‘ಹಲ್ಲೆಲೂಯಾ’ವನ್ನು ಆರಿಸಿಕೊಂಡವರು ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದಲ್ಲಿದ್ದ ಜಾನ್ ಕೇಲ್. ಸಾಹಿತ್ಯ ಕಳುಹಿಸಿರೆಂದು ಕೇಳಿದ್ದಕ್ಕೆ ಕೋಹೆನ್ ಫ್ಯಾಕ್ಸ್‌ನಲ್ಲಿ ಎಷ್ಟೊಂದು ಚರಣಗಳನ್ನು ಕಳುಹಿಸಿದರೆಂದರೆ, ಮನೆಗೆ ಬಂದು ನೋಡುವಾಗ ಕಾಗದದ ಸುರುಳಿ ನೆಲದ ತುಂಬ ಹರಡಿಕೊಂಡಿತ್ತೆಂದು ಕೇಲ್ ಹೇಳಿಕೊಂಡಿದ್ದಾರೆ. ಅದರಿಂದ ತಮಗೆ ಒಪ್ಪಿದ ಚರಣಗಳನ್ನಷ್ಟೇ ಹೆಕ್ಕಿಕೊಂಡು, ಮೂಲದ ಸಿಂಥಸೈಸರನ್ನೂ ಹಿನ್ನೆಲೆಯ ಗಾಯಕವೃಂದವನ್ನೂ ಕೈಬಿಟ್ಟು, ಬರೀ ಪಿಯಾನೊ ನುಡಿಸುತ್ತ ಅವರು ಹಾಡಿದರು.

1994ರಲ್ಲಿ ಅಮೆರಿಕದ ಗಾಯಕ ಜೆಫ್ ಬಕ್ಲೀ ಈ ಹಾಡನ್ನು ಹಾಡಿದ್ದು ಕೋಹೆನ್ ಅವರ ಹಾಡಿಕೆಯನ್ನು ಅನುಸರಿಸಿ ಅಲ್ಲ, ಕೇಲ್ ಕಟ್ಟಿದ ಈ ರೂಪವನ್ನು ಅನುಸರಿಸಿ. ಮುಂದೆ ಲೆಕ್ಕವಿಲ್ಲದಷ್ಟು ಗಾಯಕರು ಹಿಡಿದದ್ದೂ ಅದೇ ಜಾಡನ್ನು. ಅಂದರೆ ಇಂದು ಹೆಚ್ಚಿನವರಿಗೆ ಪರಿಚಿತವಾಗಿರುವ ‘ಹಲ್ಲೆಲೂಯಾ’ದ ಆಕಾರ ಸಿದ್ಧವಾದದ್ದು ಟ್ರಿಬ್ಯೂಟ್ ಆಲ್ಬಂ ಒಂದರ ಕಟ್ಟಕಡೆಯ ಹಾಡಾಗಿ. ಅದೇ ಕೋಹೆನ್ ಅವರಿಗೆ 1995ರಲ್ಲಿ ಎಲ್ಟನ್ ಜಾನ್, ಸ್ಟಿಂಗ್, ಬೋನೊ ಅವರಂತಹ ದೊಡ್ಡ ಹೆಸರುಗಳ ಇನ್ನೊಂದು ಟ್ರಿಬ್ಯೂಟ್ ಆಲ್ಬಂ ಬಂತು. ಬೋನೊ ಅದರಲ್ಲಿ ಇದೇ ಹಾಡನ್ನು ಹಾಡಿದರು. ತಾರೆಯರ ಪಟ್ಟಿ ಉದ್ದವಾಯಿತೇ ಹೊರತು ಕೇಲ್ ಮಾಡಿದಂತಹ ಕೆಲಸ ಅಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಇನ್ನು ಹಣದ ವಿಷಯ. ಅಮೆರಿಕದ ಕಾನೂನಿನಂತೆ, ಹಾಡೊಂದು ಹಕ್ಕುದಾರರ ಒಪ್ಪಿಗೆಯಿಂದ ಒಮ್ಮೆ ಧ್ವನಿಮುದ್ರಣಗೊಂಡು ಬಿಡುಗಡೆಯಾದ ಮೇಲೆ, ನಿಗದಿತ ಶುಲ್ಕ ಕಟ್ಟುವ ಯಾರು ಬೇಕಾದರೂ ಅದನ್ನು ತಮ್ಮದೇ ರೀತಿಯಲ್ಲಿ ಹಾಡಿ ಮುದ್ರಿಸಬಹುದು. ಮೂಲ ಧಾಟಿಯನ್ನು ಮಾತ್ರ ಕೆಡಿಸುವಂತಿಲ್ಲ. ಈ ನಿಯಮ 1909ರದು. ತಾನಾಗಿಯೇ ನುಡಿಯುವ ಪಿಯಾನೊಗಳಿಗೆ ತೂತು ಕೊರೆದ ಕಾಗದದ ಸುರುಳಿಗಳು ಮಾರಾಟವಾಗುತ್ತಿದ್ದ ಆ ಕಾಲದಲ್ಲಿ, ಒಂದೇ ಕಂಪನಿ ಎಲ್ಲ ಹಾಡುಗಳ ಹಕ್ಕನ್ನು ಕಟ್ಟಿಹಾಕಿಕೊಂಡೀತೆಂಬ ಭಯದಿಂದ ಇದು ಹುಟ್ಟಿತು. ಅಂದಿನ ದರ ಪ್ರತಿಗೆ 2 ಸೆಂಟ್. 2023ರಲ್ಲಿ ಐದು ನಿಮಿಷದೊಳಗಿನ ಹಾಡಿಗೆ 12 ಸೆಂಟ್. ಈ ದರದಲ್ಲಿ 14 ಹಾಡುಗಳ ಆಲ್ಬಂ ಹತ್ತು ಸಾವಿರ ಪ್ರತಿ ಮಾರಾಟವಾದರೆ 16,800 ಡಾಲರ್ ಆಗುತ್ತದೆ. ಅದು ಹೋಗುವುದು ಹಾಡಿದವರಿಗಲ್ಲ. ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ. ಭಾರಿ ಮೊತ್ತವೇನಲ್ಲ. ಆದರೆ ಕಾಯಿಲೆ ಬಿದ್ದು ಪ್ರವಾಸ ಮಾಡಲಾಗದ, ಹಾಡಿ ಸಂಪಾದಿಸಲಾಗದ ಗೀತರಚನಕಾರರಿಗೆ ಅದು ಕೂತಲ್ಲಿಗೆ ಬರುವ ಆದಾಯ.

[ಪರದೆಯ ಮೇಲೆ: ಸ್ವೀಟ್ ರಿಲೀಫ್, 1993]

ಅಮೆರಿಕದ ಗಾಯಕಿ, ಗೀತರಚನಕಾರ್ತಿ ವಿಕ್ಟೋರಿಯಾ ವಿಲಿಯಮ್ಸ್ ಅವರ ವಿಷಯದಲ್ಲಿ ಆದದ್ದು ಇದಕ್ಕಿಂತ ಒಂದು ಹೆಜ್ಜೆ ಹೆಚ್ಚಿನದು. ನರಮಂಡಲವನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಪತ್ತೆಯಾದಾಗ ಅವರಿಗೆ ಆರೋಗ್ಯ ವಿಮೆಯೇ ಇರಲಿಲ್ಲ. ಪರ್ಲ್ ಜ್ಯಾಮ್, ಲೂ ರೀಡ್, ಸೋಲ್ ಅಸೈಲಮ್ ಮೊದಲಾದವರು ಅವರ ಹಾಡುಗಳನ್ನು ಹಾಡಿ 1993ರಲ್ಲಿ ‘ಸ್ವೀಟ್ ರಿಲೀಫ್’ ಎಂಬ ಈ ಆಲ್ಬಂ ತಂದರು. ಕಷ್ಟದಲ್ಲಿರುವ ಸಂಗೀತಗಾರರಿಗೆಲ್ಲ ನೆರವಾಗುವ ನಿಧಿಯೊಂದು ಅದರಿಂದಲೇ ಬೆಳೆಯಿತು. 1996ರ ಎರಡನೆಯ ಆಲ್ಬಂನಲ್ಲಿ, ಕಾರು ಅಪಘಾತದಿಂದ ಗಾಲಿಕುರ್ಚಿ ಹಿಡಿದಿದ್ದ ವಿಕ್ ಚೆಸ್ನಟ್ ಅವರ ಹಾಡುಗಳನ್ನು ಹಾಡಿದವರಲ್ಲಿ ಆರ್.ಇ.ಎಂ. ತಂಡವೂ ಮಡೋನಾ ಅವರೂ ಇದ್ದರು.

ಈ ಬಗೆಯ ಆಲ್ಬಂಗಳಲ್ಲಿ ಜೊಳ್ಳೂ ಬೇಕಾದಷ್ಟಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಮೂಲವನ್ನು ಹಾಗೆಯೇ ಒಪ್ಪಿಸಿಬಿಡುವ ಅತಿಭಕ್ತಿ ಒಂದು ಕಡೆ. ಹಾಡಿನ ಮುಖವೇ ಗುರುತು ಸಿಗದಂತೆ ಅಲಂಕರಿಸುವ ಹುಮ್ಮಸ್ಸು ಇನ್ನೊಂದು ಕಡೆ. ಹೋಲಿಸಿ ನೋಡುವ ಅವಕಾಶವನ್ನು ಕೇಳುಗರಿಗೇ ಕೊಟ್ಟದ್ದು ಡೇನಿಯಲ್ ಜಾನ್‌ಸ್ಟನ್ ಅವರಿಗಾಗಿ 2004ರಲ್ಲಿ ಬಂದ ಜೋಡಿ ಡಿಸ್ಕ್‌ಗಳ ಆಲ್ಬಂ. ಮೊದಲನೆಯದರಲ್ಲಿ ಟಾಮ್ ವೇಟ್ಸ್, ಬೆಕ್ ಮುಂತಾದವರ ಕವರ್‌ಗಳಿವೆ, ಅಂದರೆ ಜಾನ್‌ಸ್ಟನ್ ಅವರ ಹಾಡುಗಳನ್ನು ಅವರು ತಮ್ಮ ರೀತಿಯಲ್ಲಿ ಹಾಡಿದ ರೂಪಗಳು. ಎರಡನೆಯದರಲ್ಲಿ ಅವೇ ಹಾಡುಗಳು ಜಾನ್‌ಸ್ಟನ್ ಅವರ ನಡುಗುವ ಕಂಠದಲ್ಲಿವೆ. ಅಗ್ಗದ ಟೇಪ್ ರೆಕಾರ್ಡರ್ ಮುಂದೆ ಕುಳಿತು ಹಾಡಿ ಕ್ಯಾಸೆಟ್ ಮಾಡಿಕೊಳ್ಳುತ್ತಿದ್ದ ಮನುಷ್ಯ ಅವರು. ಕೇಳುವುದಾದರೆ ಎರಡನೆಯ ಡಿಸ್ಕನ್ನೇ ಮೊದಲು ಹಾಕಿಕೊಳ್ಳಿ. ಆ ಗರಗರ ಸದ್ದಿನೊಳಗೆ ನಿಮಗೆ ಕೇಳಿಸದೆ ಹೋದ ಯಾವ ರಾಗ ಉಳಿದವರಿಗೆ ಕೇಳಿಸಿತ್ತು ಎಂಬುದು ಆಮೇಲೆ ಮೊದಲನೆಯ ಡಿಸ್ಕಿನಲ್ಲಿ ತಿಳಿಯುತ್ತದೆ.