ಮಾವನ ಅಂಗಳದಲ್ಲಿ ಗೇರ್ ಆಯಿಲ್

ಈ ಸದ್ದು ಕೇಳಿಸಿತಾ? ಇನ್ನೊಮ್ಮೆ ಹಾಕುತ್ತೇನೆ. ಕರ್ರ್ರ್. ಡಿಸೆಂಬರ್ ಚಳಿ, ಬೆಳಿಗ್ಗೆ ಏಳು ಗಂಟೆ. ಒಂದನೇ ಗೇರಿನಿಂದ ಎರಡಕ್ಕೆ ಹಾಕುವಾಗ ನನ್ನ ಗಾಡಿ ದಿನಾ ಹೀಗೆ ಹಲ್ಲು ಕಡಿಯುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಸುಮ್ಮನಾಗುತ್ತದೆ.

ಹನ್ನೊಂದು ವರ್ಷದ ಗಾಡಿ. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ತಪ್ಪದೆ ಬದಲಾಗಿದೆ. ಗೇರ್ ಆಯಿಲ್? ಬಿಲ್ಲುಗಳ ಕಟ್ಟು ಬಿಚ್ಚಿ ನೋಡಿದೆ, ಒಂದರಲ್ಲೂ ಇಲ್ಲ. ಗೇರ್ ಆಯಿಲ್‌ಗೆ ನನ್ನ ಗಾಡಿಯಲ್ಲಿ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೂ ಇಲ್ಲ. ಬಾಯಿಬಿಟ್ಟು ಕೇಳದವರಿಗೆ ಯಾರು ಬಡಿಸುತ್ತಾರೆ?

ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಒಂದು ಹನಿ ಎಣ್ಣೆ ಬಿದ್ದರೂ ಸಾಕು, ವಾಟ್ಸಾಪ್ ಗುಂಪಿಗೆ ಫೋಟೋ ಬರುತ್ತದೆ. ಹಾಗಾಗಿ ಧಾಯರಿಯ ಮಾವನ ಮನೆಗೆ ಬಂದೆ. ಮಾವ ವಿಜಯಪುರದವರು, ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದ್ದಾರೆ. ನಮ್ಮ ಕಲಬುರಗಿ ಕಡೆಯ ಕಲ್ಲು, ಪುಣೆಯಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ನೋಡೋಕೆ ಗಟ್ಟಿ, ಆದರೆ ಜಾಕ್ ನೇರವಾಗಿ ಅದರ ಮೇಲಿಟ್ಟರೆ ಬಿರುಕು ಬಿಡಬಹುದು. ಹಲಗೆ ಕೊಟ್ಟಿದ್ದೇನೆ, ನೋಡಿ. "ಫರಸಿ ಒಡೀತಂದ್ರ ಗಾಡಿ ಇಲ್ಲೇ ಬಿಟ್ಟು ಹೋಗು ಅಳಿಯಾ" ಅಂದಿದ್ದರು ಮಾವ.

ಎಣ್ಣೆ ತಂದದ್ದು ನಾನಾ ಪೇಠದಿಂದ. ಗಾಡಿ ಸಾಮಾನಿಗೆ ಪುಣೆಯವರು ಹೋಗುವ ಪೇಟೆ ಅದು. ಗಾಡಿಯ ಪುಸ್ತಕದಲ್ಲಿ 75ಡಬ್ಲ್ಯೂ-90, ಜಿಎಲ್-4 ಎಂದಿದೆ. ಮೊದಲನೆಯದು ಎಣ್ಣೆಯ ದಪ್ಪ, ಎರಡನೆಯದು ಅದರ ದರ್ಜೆ. ಮೊದಲ ಅಂಗಡಿಯವರು ಜಿಎಲ್-5 ಡಬ್ಬಿ ಕೊಟ್ಟು "ಎಲ್ಲಾ ಒಂದೇ" ಅಂದರು. ಒಂದೇ ಅಲ್ಲ. ಗೇರ್‌ಬಾಕ್ಸ್ ಒಳಗೆ ಹಿತ್ತಾಳೆಯಂಥ ಲೋಹದ ಉಂಗುರಗಳಿರುತ್ತವೆ, ಸಿಂಕ್ರೊನೈಜರ್ ರಿಂಗ್. ಅವು ಉಜ್ಜಿಕೊಂಡು ಜೋಡಿಯಾಗಬೇಕಾದ ಎರಡು ಭಾಗಗಳ ವೇಗ ಸಮ ಮಾಡಿದ ಮೇಲೇ ಗೇರ್ ಮೆತ್ತಗೆ ಬೀಳುವುದು. ಜಿಎಲ್-5 ಇರುವುದು ಹಿಂದಿನ ಆಕ್ಸಲ್‌ನಲ್ಲಿ ಹಲ್ಲುಗಳು ಜಾರಿ ಉಜ್ಜುವ ಹೈಪಾಯ್ಡ್ ಗೇರಿನಂಥ ಭಾರೀ ಒತ್ತಡದ ಕೆಲಸಕ್ಕೆ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಕೆಲವು ಎಣ್ಣೆಗಳಲ್ಲಿ ಅದು ಈ ಉಂಗುರಗಳನ್ನೇ ತಿನ್ನುತ್ತದೆ. ಇನ್ನೊಂದು ಮಾತು, 90 ಎಂದು ನೋಡಿ ಹೆದರಬೇಡಿ. ಗೇರ್ ಆಯಿಲ್ ಅಳತೆಯೇ ಬೇರೆ. ದಪ್ಪದಲ್ಲಿ ಇದು ಹೆಚ್ಚುಕಡಿಮೆ 10ಡಬ್ಲ್ಯೂ-40 ಎಂಜಿನ್ ಆಯಿಲ್‌ನಷ್ಟೇ.

ಗಾಡಿಯನ್ನು ಹದಿನೈದು ನಿಮಿಷ ಓಡಿಸಿ ತಂದೆ, ಎಣ್ಣೆ ಬೆಚ್ಚಗಾದರೆ ಚೆನ್ನಾಗಿ ಇಳಿಯುತ್ತದೆ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಸಮಮಟ್ಟ ಮಾಡಿದೆ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಯಾವತ್ತೂ.

ಈಗ ಮುಖ್ಯ ವಿಷಯ. ಗೇರ್‌ಬಾಕ್ಸಿಗೆ ಎರಡು ಬೋಲ್ಟ್. ಕೆಳಗಿನದು ಇಳಿಸೋಕೆ, ಪಕ್ಕದ್ದು ತುಂಬೋಕೆ. ನನ್ನ ಕೈ ಸೀದಾ ಕೆಳಗಿನದಕ್ಕೆ ಹೋಯಿತು. "ಮೊದ್ಲ ತುಂಬೋದು ಬಿಚ್ಚು" ಎಂದು ಮಾವ ಕುರ್ಚಿಯಿಂದಲೇ ಕೂಗಿದರು. ಹೌದಲ್ವಾ? ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟ್ ಬಿಚ್ಚಲೇ ಇಲ್ಲ ಅಂದರೆ ಗಾಡಿ ಅಲ್ಲೇ ಠಿಕಾಣಿ.

ಅದು ಬಿಚ್ಚಲೇ ಇಲ್ಲ! ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಚಹಾ ಕುಡಿದು ಬಂದೆ. ಪಾನಾದ ಹಿಡಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಜಗ್ಗಿದೆ. ಕೈ ಜಾರಿ ಬೆರಳಿನ ಗಂಟು ಸುಲಿಯಿತು. ಇಲ್ಲಿ ಕ್ಯಾಮೆರಾ ಅಲುಗಾಡುತ್ತಿದೆ, ಹಿಡಿದವನು ಮಾವನ ಎಂಟು ವರ್ಷದ ಮೊಮ್ಮಗ, ಬಿದ್ದು ಬಿದ್ದು ನಗುತ್ತಿದ್ದಾನೆ. ಮಾವ ಪೇಪರ್ ಮಡಚಿಟ್ಟು ಬಗ್ಗಿ ನೋಡಿದರು. "ಅಳಿಯಾ, ಬಿಚ್ಚಾಕತ್ತೀಯೋ, ಬಿಗಿ ಮಾಡಾಕತ್ತೀಯೋ?"

ಬೋಲ್ಟಿನ ತಲೆ ಆ ಕಡೆಗಿತ್ತು, ನಾನು ಈ ಕಡೆ ಮಲಗಿದ್ದೆ. ಎಡ ಬಲ ಅದಲುಬದಲಾಗಿತ್ತು. ಅರ್ಧ ಗಂಟೆ ಬಿಗಿ ಮಾಡಿದ್ದೇನೆ, ಅಷ್ಟೇ. ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಂ, ಬೋಲ್ಟ್ ಕೂರುವ ತಿರುಪಿನ ಎಳೆ ಕಿತ್ತುಹೋಗಲಿಲ್ಲ ಎಂಬುದು ನನ್ನ ಪುಣ್ಯ. ತಿರುವಿ ಜಗ್ಗಿದೆ, ಟಕ್ ಅಂತ ಬಂತು.

ಉಳಿದದ್ದು ಬೇಗ ಮುಗಿಯಿತು. ಇಳಿದ ಎಣ್ಣೆ ಕಪ್ಪು ಡಿಕಾಕ್ಷನ್ ಥರ ಇತ್ತು. ಕೆಳಗಿನ ಬೋಲ್ಟಿನ ತುದಿಯಲ್ಲಿ ಆಯಸ್ಕಾಂತವಿದೆ. ಅದಕ್ಕೆ ಅಂಟಿರುವ ಬೂದುಬಣ್ಣದ ಮೆತ್ತನೆ ಪೇಸ್ಟ್ ಕಂಡಿತಾ? ಇಷ್ಟು ಸವೆತ ಮಾಮೂಲು. ಚೂರು, ಚಕ್ಕೆ ಸಿಕ್ಕಿದ್ದರೆ ಚಿಂತೆ. ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದೆ, ಈ ಸಲ ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ಪಾನಾದಿಂದ. ಕೈಪಂಪಿನಿಂದ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಹೋಯಿತು. ತುಂಬುವ ತೂತಿನಿಂದ ಎಣ್ಣೆ ವಾಪಸ್ ಜಿನುಗಿದರೆ ಮಟ್ಟ ಸರಿಯಾಯಿತು ಎಂದು ಲೆಕ್ಕ.

ಸಂಜೆ ಖಡಕವಾಸ್ಲಾ ಅಣೆಕಟ್ಟಿನವರೆಗೆ ಹೋಗಿ ಬಂದೆ. ಬೆಣ್ಣೆ. ಆದರೆ ಬಿಸಿ ಗಾಡಿ ಮೊದಲೂ ಸುಮ್ಮನೇ ಇತ್ತಲ್ಲ. ಪರೀಕ್ಷೆ ಇರುವುದು ಬೆಳಿಗ್ಗೆ ಏಳಕ್ಕೆ. ಕೇಳಿ. ಕರ್. ಇದೆ, ಮುಂಚಿನ ಕಾಲುಭಾಗ. ಸವೆದ ಉಂಗುರ ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ.

ಹಳೆ ಎಣ್ಣೆಯನ್ನು ಮೋರಿಗೆ ಸುರಿಯಲಿಲ್ಲ. ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಟ್ಟೆ. ಒಂದು ಬಟ್ಟಲು ಮಾತ್ರ ಮಾವ ಎತ್ತಿಟ್ಟುಕೊಂಡರು, ಗೇಟಿನ ಕೀಲುಗಳಿಗೆ ಬೇಕೆಂದು. ನಿನ್ನೆ ಅತ್ತೆಯ ಫೋನ್ ಬಂದಿತ್ತು. ಗೇಟು ಈಗ ಕಿರ್ ಅನ್ನುವುದಿಲ್ಲವಂತೆ. ನಾರುತ್ತದಂತೆ.