ಕಲ್ಲನ್ನು ಸಾಕ್ಷಿಗೆ ಕರೆಯುವ ಮುನ್ನ

ಹಾಸನ ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ನಾನು ಬೇಲೂರು ತಾಲ್ಲೂಕಿನವನು. ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇತ್ತು. ಎದೆಮಟ್ಟದ ಕಲ್ಲು. ಕೆಳಗಡೆ ದನಗಳ ಸಾಲು, ಬಿಲ್ಲು ಹಿಡಿದ ಒಬ್ಬ ವೀರ. ಮಧ್ಯದಲ್ಲಿ ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಅದರ ಮೇಲೆ ಲಿಂಗ, ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಪಟ್ಟಿಗಳ ಮಧ್ಯೆ ಸಣ್ಣ ಅಕ್ಷರದಲ್ಲಿ ಐದು ಸಾಲು ಬರಹ. ಹುಡುಗರಾಗಿದ್ದಾಗ ನಾವು ಆ ಕಲ್ಲಿಗೆ ಒರಗಿಕೊಂಡು ಗಾಳ ಹಾಕುತ್ತಿದ್ದೆವು. ಹೆಂಗಸರು ಅದರ ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಏನೂ ಆಗಿರಲಿಲ್ಲ.

ಕೆಲವು ವರ್ಷದ ಹಿಂದೆ ಊರ ದೇವಸ್ಥಾನದ ಜೀರ್ಣೋದ್ಧಾರ ಆಯಿತು. ಹಳೇ ಕಲ್ಲಿನ ಕಟ್ಟಡ ಬಿಚ್ಚಿ, ನೆಲಕ್ಕೆ ಗ್ರಾನೈಟ್ ಹಾಕಿ, ಗೋಡೆಗೆ ಬಣ್ಣ ಬಳಿದು, ಗೋಪುರ ಎಬ್ಬಿಸಿದರು. ಆಗ ಈ ವೀರಗಲ್ಲನ್ನೂ ಜೆಸಿಬಿಯಲ್ಲಿ ಎತ್ತಿ ತಂದು ದೇವಸ್ಥಾನದ ಮುಂದೆ ನಿಲ್ಲಿಸಿ, ಅಲುಗಾಡಬಾರದು ಅಂತ ಬುಡಕ್ಕೆ, ಬೆನ್ನಿಗೆ, ಅರ್ಧ ಮೈಗೆ ಸಿಮೆಂಟು ಹಾಕಿದರು. ಭಕ್ತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ. ಐದು ಸಾಲಿನಲ್ಲಿ ಮೂರು ಸಾಲು ಸಿಮೆಂಟಿನ ಒಳಗೆ ಹೋಯಿತು.

ಆಮೇಲೆ ಪಂಚಾಯಿತಿ ಚುನಾವಣೆ ಬಂತು. ಒಂದು ಜನಾಂಗದವರು ಈ ವೀರ ನಮ್ಮವನು ಅಂದರು. ಇನ್ನೊಂದು ಜನಾಂಗದವರು ಇಲ್ಲ, ನಮ್ಮ ಕುಲದವನು ಅಂದರು. ಹಾರ ಹಾಕಲು ಯಾರು ಮೊದಲು ಅನ್ನೋದಕ್ಕೆ ಜಗಳ ಆಗಿ, ಒಂದು ದಿನ ಪೊಲೀಸರೂ ಬಂದು ಹೋದರು. ಇಷ್ಟೆಲ್ಲ ಆದರೂ ಆ ಕಲ್ಲಿನಲ್ಲಿ ಏನು ಬರೆದಿದೆ ಅಂತ ಓದಿಸೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಸಾಕ್ಷಿಯನ್ನು ಕಟಕಟೆಗೆ ತಂದು ನಿಲ್ಲಿಸಿದ್ದೇವೆ, ಬಾಯಿಗೆ ಮಾತ್ರ ಸಿಮೆಂಟು ಮೆತ್ತಿದ್ದೇವೆ. ಇವತ್ತು ನಾನು ಹೇಳಲು ಬಂದಿರೋದು ಈ ಸಂಕಟವನ್ನೇ.

ಇದು ನಮ್ಮೂರೊಂದರ ಕಥೆ ಅಲ್ಲ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ತಾಲ್ಲೂಕಿನದೇ ಹಲ್ಮಿಡಿ ಇದೆ. ಅಲ್ಲಿನ ವೀರಭದ್ರ ಗುಡಿಯ ಮುಂದೆ ನಿಂತಿದ್ದ ಕಲ್ಲನ್ನು 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಹದಿನಾರು ಸಾಲು. ತೇದಿ ಇಲ್ಲ. ಅಕ್ಷರದ ರೂಪ ನೋಡಿ ಸುಮಾರು ಕ್ರಿ.ಶ. 450 ಅಂತ ಲೆಕ್ಕ ಹಾಕಿದರು. ಕದಂಬರ ಕಾಲದಲ್ಲಿ ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟರು ಅನ್ನೋದು ಅದರ ವಿಷಯ. ಬಾಳ್ ಅಂದರೆ ಕತ್ತಿ. ಕತ್ತಿ ತೊಳೆದದ್ದಕ್ಕೆ ಕೊಟ್ಟ ಉಂಬಳಿ. ಎಂಥ ಮಾತು ನೋಡಿ! ಇದನ್ನು ಕೆಡಿಸಿದವನಿಗೆ ಮಹಾಪಾತಕ ಅಂತಲೂ ಕೆತ್ತಿಸಿದ್ದಾರೆ.

ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬೇಕು ಅಂತ ಹೋರಾಟ ನಡೆದಾಗ ಈ ಕಲ್ಲಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಒಂದೂವರೆ ಸಾವಿರ ವರ್ಷದ ಹಳಮೆ ತೋರಿಸಬೇಕಿತ್ತು, ಹಲ್ಮಿಡಿ ಅದನ್ನು ತೋರಿಸಿತು. 2008ರಲ್ಲಿ ರಾಜ್ಯೋತ್ಸವಕ್ಕೆ ಒಂದು ದಿನ ಮೊದಲು ಕೇಂದ್ರ ಸರ್ಕಾರ ಆ ಸ್ಥಾನ ಘೋಷಿಸಿತು. ನನಗೂ ಆವತ್ತು ಕಣ್ಣು ತುಂಬಿ ಬಂದಿತ್ತು. ಆದರೆ ಹಲ್ಮಿಡಿಗೆ ಹೋದರೆ ನಿಮಗೆ ಕಾಣೋದು ಪ್ರತಿಕೃತಿ. ಮೂಲ ಕಲ್ಲು ಆಗಲೇ ಮೈಸೂರಿಗೆ ಹೋಯಿತು. ಅಂದಿನ ಕಾಲಕ್ಕೆ ಕಲ್ಲು ಉಳಿಸಲು ಅದೇ ದಾರಿ ಇದ್ದಿರಬಹುದು, ನಾನು ತಪ್ಪು ಅನ್ನಲ್ಲ. ಆದರೂ ಹಲ್ಮಿಡಿ ಶಾಲೆಯ ಮಕ್ಕಳನ್ನು ಒಂದು ಸಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅವರೂರ ಕಲ್ಲನ್ನು ಅವರಿಗೆ ತೋರಿಸಬೇಕು ಅಂತ ನನಗೆ ಬಹಳ ಆಸೆ.

ಮುಂದೆ 2013ರಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಂಹಕಟಾಂಜನ ಶಾಸನ ಸಿಕ್ಕಿತು. ಅದು ಹಲ್ಮಿಡಿಗಿಂತ ಹಳೆಯದು, ಸುಮಾರು 370ರದು ಅನ್ನುವ ವಾದ ಬಂತು. ಆಗ ನಮ್ಮ ಕಡೆ ಕೆಲವರು ಮುಖ ಸಪ್ಪಗೆ ಮಾಡಿಕೊಂಡರು, ಏನೋ ನಮ್ಮ ಜಿಲ್ಲೆ ಪಂದ್ಯದಲ್ಲಿ ಸೋತ ಹಾಗೆ. ಇನ್ನೊಂದು ಹಳೇ ಕಲ್ಲು ಸಿಕ್ಕಿದರೆ ಕನ್ನಡಕ್ಕೆ ಲಾಭ ತಾನೇ?

ಈಗ ಧರ್ಮದ ಜಗಳಕ್ಕೆ ಬರೋಣ. ಇಲ್ಲಿ ಕಲ್ಲುಗಳನ್ನು ಎಳೆದಾಡೋದು ಎಲ್ಲಕ್ಕಿಂತ ಜಾಸ್ತಿ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನ ಇದೆ, ವಿಜಯನಗರದ ಬುಕ್ಕರಾಯನದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಿತ್ತು. ವೈಷ್ಣವರಿಂದ ನಮಗೆ ಅನ್ಯಾಯ ಆಗುತ್ತಿದೆ ಅಂತ ಜೈನರು ಅರಸನ ಹತ್ತಿರ ದೂರು ಒಯ್ದರು. ಅರಸ ಎರಡೂ ಕಡೆಯವರನ್ನು ಕೂರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದ ಇಲ್ಲ, ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯ, ಕಳಶದ ಗೌರವ ಸಲ್ಲಬೇಕು ಅಂದ. ಬರೀ ಬುದ್ಧಿಮಾತಾಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಮುಂದಿನ ಏರ್ಪಾಡು ನೋಡಿ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳಕ್ಕೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ಯಾರಿಗೆ? ತಿರುಮಲೆಯ ತಾತಯ್ಯನಿಗೆ. ಅಂದರೆ ವೈಷ್ಣವರ ದೊಡ್ಡವರಿಗೇ. ಆರೂವರೆ ಶತಮಾನದ ಹಿಂದೆ ಒಬ್ಬ ಅರಸ ಮಾಡಿದ ಈ ಕೆಲಸವನ್ನು ನಾನು ಎಷ್ಟು ಸಲ ಓದಿದರೂ ಬೆರಗು ಕಡಿಮೆ ಆಗಿಲ್ಲ. ಆದರೆ ಇದೇ ಕಲ್ಲು ಇನ್ನೊಂದು ಮಾತೂ ಹೇಳುತ್ತದೆ. ಆಗಲೂ ಜಗಳ ಇತ್ತು. ಹಿಂದಿನ ಕಾಲದಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದರು ಅನ್ನುವವರಿಗೂ ಈ ಕಲ್ಲು ಪೂರ್ತಿ ಸಾಕ್ಷಿ ಹೇಳಲ್ಲ.

ಹಳೇಬೀಡಿನ ಕಡೆ ಇನ್ನೊಂದು ಕಥೆ ಓಡಾಡುತ್ತದೆ. ಹೊಯ್ಸಳರ ಅರಸ ವಿಷ್ಣುವರ್ಧನ ವೈಷ್ಣವನಾದ ಮೇಲೆ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದ ಅಂತ. ಅದೇ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿ ಇದೆ. 1133ರಲ್ಲಿ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ್ದು. ಅಲ್ಲಿನ ಶಾಸನ ಹೇಳೋದು ಇಷ್ಟು: ಪ್ರತಿಷ್ಠೆ ಮುಗಿಸಿ ಅರ್ಚಕರು ಪ್ರಸಾದ, ಗಂಧೋದಕ ಅಂದರೆ ದೇವರ ಅಭಿಷೇಕದ ನೀರು ಹಿಡಿದು ಬಂಕಾಪುರದಲ್ಲಿದ್ದ ಇದೇ ವಿಷ್ಣುವರ್ಧನನ ಹತ್ತಿರ ಹೋದರು. ಅರಸ ಆಗಷ್ಟೇ ಯುದ್ಧ ಗೆದ್ದಿದ್ದ, ಅವನಿಗೆ ಮಗನೂ ಹುಟ್ಟಿದ್ದ. ಅವನು ಆ ಗಂಧೋದಕವನ್ನು ತಲೆ ಮೇಲೆ ಹಾಕಿಕೊಂಡು, ದೇವರಿಗೆ ವಿಜಯಪಾರ್ಶ್ವ ಅಂತಲೂ ಮಗನಿಗೆ ವಿಜಯನಾರಸಿಂಹ ಅಂತಲೂ ಹೆಸರಿಟ್ಟ. ಗಾಣದ ಕಥೆಯನ್ನು ಕಿವಿಯಿಂದ ಕಿವಿಗೆ ದಾಟಿಸುವವರು ಹೊಯ್ಸಳೇಶ್ವರದಿಂದ ನಾಲ್ಕು ಹೆಜ್ಜೆ ಮುಂದೆ ನಡೆದು ಈ ಬಸದಿ ನೋಡಬೇಕು. ಪ್ರವಾಸಿಗಳ ಬಸ್ಸುಗಳಂತೂ ಬಹುಪಾಲು ಅಲ್ಲಿಗೆ ಹೋಗೋದೇ ಇಲ್ಲ.

ಚಿಕ್ಕಮಗಳೂರಿನ ಕಡೆಯದೂ ಒಂದು ಹೇಳಿಬಿಡುತ್ತೇನೆ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಶಾರದೆಯ ಪ್ರತಿಷ್ಠೆಗೆ ನೆರವು ಕೊಟ್ಟು ಸ್ವಾಮಿಗಳಿಗೆ ಕಾಗದ ಬರೆದವನು ಟಿಪ್ಪು ಸುಲ್ತಾನ್. ಆ ಕನ್ನಡ ಕಾಗದಗಳನ್ನು 1916ರಲ್ಲಿ ಮಠದಲ್ಲಿ ಕಂಡವರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಅದೇ ಟಿಪ್ಪು ಕೊಡಗು, ಮಲಬಾರಿನಲ್ಲಿ ನಡೆಸಿದ ದಂಡಯಾತ್ರೆ, ಹಿಡಿದ ಸೆರೆ, ಅದೂ ದಾಖಲೆಯಲ್ಲೇ ಇದೆ. ಜಯಂತಿ ಮಾಡುವವರು ಒಂದು ಕಟ್ಟು ಹಿಡಿದುಕೊಂಡರು, ಬೇಡ ಅನ್ನುವವರು ಇನ್ನೊಂದು ಕಟ್ಟು ಹಿಡಿದುಕೊಂಡರು. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಸರ್ಕಾರವೇ ನಿಲ್ಲಿಸಿತು. ಎರಡು ಕಟ್ಟನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ತಾಳ್ಮೆ ನಮಗೆ ಬರಲಿಲ್ಲ.

ಬೇಲೂರಿನಲ್ಲೂ ಅಷ್ಟೇ. ಚೆನ್ನಕೇಶವನ ತೇರು ಹೊರಡುವ ಮುನ್ನ ಹತ್ತಿರದ ದೊಡ್ಡಮೇದೂರಿನ ಖಾಜಿಯವರು ಬಂದು ಕುರಾನಿನ ಸಾಲು ಓದುವ ವಾಡಿಕೆ ಇದೆ. ಈಚಿನ ವರ್ಷಗಳಲ್ಲಿ ಅದು ಬೇಕೋ ಬೇಡವೋ ಅಂತ ದೊಡ್ಡ ತಕರಾರು ಆಯಿತು. ತೇರು ಎಳೆಯಲು ನಾನೂ ಚಿಕ್ಕಂದಿನಿಂದ ಹೋದವನು. ಹಗ್ಗ ಹಿಡಿದ ಕೈಗಳಲ್ಲಿ ಯಾರದು ಯಾವುದು ಅಂತ ನಾವು ಕೇಳಿದ್ದಿಲ್ಲ. ಸಂಪ್ರದಾಯ ಅನ್ನೋದು ಊರು ಕೂಡಿ ನಡೆಸಿಕೊಂಡು ಬಂದದ್ದು. ಅದನ್ನು ಬದಲಾಯಿಸುವ ಮಾತನ್ನು ದೂರದ ಊರಿನವರು ಮೈಕಿನಲ್ಲಿ ಆಡೋದು ನನಗೆ ಸರಿ ಕಾಣಲ್ಲ.

ಇನ್ನು ಕಲ್ಲಿನ ಪಕ್ಕದಲ್ಲೇ ಬದುಕುವವರ ಕಷ್ಟ. ಇದನ್ನು ಭಾಷಣಗಳಲ್ಲಿ ಯಾರೂ ಎತ್ತಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಪಟಾಕಿ ಹೊಡೆದೆವು, ಸಿಹಿ ಹಂಚಿದೆವು. ಹಳೇಬೀಡಿನಲ್ಲಿರುವ ನನ್ನ ಚಿಕ್ಕಮ್ಮ ಸಿಹಿ ತಿಂದು, "ಅಲ್ಲ ಕಣೋ, ಈಗಲಾದರೂ ನನ್ನ ಮಗನಿಗೆ ಒಂದು ರೂಮು ಕಟ್ಟೋಕೆ ಬಿಡ್ತಾರಾ?" ಅಂತ ಕೇಳಿದರು. ಅವರ ಮನೆ ಇರೋದು ಸ್ಮಾರಕದಿಂದ ನೂರು ಮೀಟರ್ ಒಳಗೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಕಾನೂನು ಹೀಗಿದೆ: ಸಂರಕ್ಷಿತ ಸ್ಮಾರಕದ ಗಡಿಯಿಂದ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಹಳೇ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆ ಇನ್ನೂ ಇನ್ನೂರು ಮೀಟರ್ ಅನುಮತಿ ತೆಗೆದುಕೊಂಡೇ ಕಟ್ಟಬೇಕು.

ಈ ಕಾನೂನು ಬೇಡ ಅಂತ ನಾನು ಹೇಳಲಾರೆ. ಹಳೇಬೀಡು ಅಂದರೆ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಾಳಿ, ಆಮೇಲೆ ತುಘಲಕರ ದಾಳಿ, ಇದೆಲ್ಲ ಆಗಿ ಹಾಳಾದ ಒಂದು ದೊಡ್ಡ ಊರು ಈಗಿನ ಮನೆ ಹೊಲಗಳ ಕೆಳಗೆ ಮಲಗಿದೆ. ಪಾಯ ತೋಡಿದರೆ ಬಳಪದ ಕಲ್ಲಿನ ಶಿಲ್ಪದ ಚೂರು ಬರುತ್ತದೆ. ಕಾನೂನು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಹೊಯ್ಸಳೇಶ್ವರದ ಪಕ್ಕದಲ್ಲಿ ನಾಲ್ಕಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ಆದರೆ ಚಿಕ್ಕಮ್ಮನಿಗೆ ಸುಮ್ನೆ ಇಲ್ಲ ಅಂದರೆ ಆಯಿತಾ? ಸ್ಮಾರಕ ಉಳಿಸುವ ಖರ್ಚನ್ನು ಅವರೊಬ್ಬರೇ ಹೊರಬೇಕಾ? ಬೇರೆ ಕಡೆ ಸೈಟು ಕೊಡಬಹುದು. ಹೆಂಚಿನ ಮನೆ ರಿಪೇರಿಯ ಅರ್ಜಿಗೆ ಬೇಗ ಉತ್ತರ ಕೊಡಬಹುದು, ಅರ್ಜಿ ಬರೆಯಲು ಪಂಚಾಯಿತಿಯಲ್ಲೇ ಒಬ್ಬರನ್ನು ಕೂರಿಸಬಹುದು. ಪಾಯದಲ್ಲಿ ಶಿಲ್ಪ ಸಿಕ್ಕಿದರೆ ಮನೆ ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಜನ ರಾತ್ರೋರಾತ್ರಿ ಅದನ್ನು ಮಣ್ಣಿಗೆ ಸೇರಿಸಿಬಿಡುತ್ತಾರೆ. ಆ ಹೆದರಿಕೆ ಹೋಗಲಾಡಿಸದೆ ಎಷ್ಟು ಬೋರ್ಡು ನೆಟ್ಟರೂ ಕಲ್ಲು ಉಳಿಯಲ್ಲ. ನಿಧಿ ಆಸೆಗೆ ರಾತ್ರಿ ಗುಡಿ ಅಗೆಯುವವರನ್ನು ಹಿಡಿಯಬೇಕಾದವರೂ ಊರಿನವರೇ ಅಲ್ವಾ? ಅವರನ್ನು ದೂರ ಇಟ್ಟು ಕಾವಲು ಹೇಗೆ ಸಾಧ್ಯ?

ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರ ಕಾಲದಲ್ಲಿ ಇಲಾಖೆಯವರು ಹಳ್ಳಿಹಳ್ಳಿ ತಿರುಗಿ ಶಾಸನಗಳ ಅಚ್ಚು ತೆಗೆದರು, ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಸಂಪುಟಗಳಲ್ಲಿ ಪ್ರಕಟಿಸಿದರು. ಕಡೂರು ಜಿಲ್ಲೆ, ಅಂದರೆ ಈಗಿನ ಚಿಕ್ಕಮಗಳೂರು, ಅದರ ಸಂಪುಟ 1901ರಲ್ಲಿ, ಹಾಸನದ್ದು 1902ರಲ್ಲಿ ಬಂತು. ಆ ಸಂಪುಟಗಳಲ್ಲಿ ನಿಮ್ಮೂರಿನ ಹೆಸರು ಹುಡುಕಿ ನೋಡಿ. ಆಮೇಲೆ ಊರಿನಲ್ಲಿ ಆ ಕಲ್ಲು ಹುಡುಕಿ. ಮೋರಿಗೆ ಚಪ್ಪಡಿ ಆಗಿರಬಹುದು, ಯಾರದೋ ಜಗಲಿಯಲ್ಲಿರಬಹುದು. ಸಿಕ್ಕಿದರೆ ಎಣ್ಣೆ, ಬಣ್ಣ ಹಚ್ಚಬೇಡಿ, ವೈರ್ ಬ್ರಷ್ ಹಾಕಿ ಉಜ್ಜಬೇಡಿ. ಸಂಜೆ ಓರೆ ಬಿಸಿಲಿನಲ್ಲಿ, ಇಲ್ಲ ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ.

ನಮ್ಮೂರ ಕಲ್ಲಿಗೂ ಹಾಗೇ ಮಾಡಿದೆವು. ಸಿಮೆಂಟಿನಿಂದ ಹೊರಗಿರುವ ಎರಡು ಸಾಲು ಓದಲು ಬಂತು. ತುರುವಂ ಮಗುಳ್ಚಿ ಸುರಲೋಕ ಪ್ರಾಪ್ತನಾದ ಅಂತ ಇದೆ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ತಿರುಗಿಸಿ ತಂದು ಸತ್ತ. ಅವನ ಹೆಸರು, ಅಪ್ಪನ ಹೆಸರು ಇರಬೇಕಾದದ್ದು ಕೆಳಗಿನ ಮೂರು ಸಾಲಿನಲ್ಲಿ. ಹೋದ ತಿಂಗಳು ಎರಡೂ ಕಡೆಯ ಹಿರಿಯರನ್ನು ಕೂರಿಸಿ ಇಷ್ಟು ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ಸಿಮೆಂಟು ಬಿಡಿಸೋಣ, ಆದರೆ ಮಿಷನ್ ಬೇಡ ಅಂದರು. ಕಲ್ಲುಕುಟಿಗರೊಬ್ಬರು ಬಂದು ನೋಡಿ, ಸಣ್ಣ ಉಳಿಯಲ್ಲಿ ದಿನಕ್ಕೆ ಗೇಣುದ್ದದಂತೆ ಬಿಡಿಸುತ್ತೇನೆ ಅಂದಿದ್ದಾರೆ. ಶಾಸನ ಓದಲು ಬಲ್ಲವರೊಬ್ಬರು ಪಕ್ಕದಲ್ಲಿ ಇರುತ್ತಾರೆ. ಬರುವ ಭಾನುವಾರ ಬೆಳಿಗ್ಗೆ ಶುರು. ಎರಡೂ ಕಡೆಯವರು ಬರುತ್ತೇವೆ ಅಂದಿದ್ದಾರೆ.

ನಮಸ್ಕಾರ.